ದಾರಿಹೋಕರ ಚಿತ್ರಚರಿತ್ರೆ

ಇತಿಹಾಸವೆಂಬುದು ಬಹುಮಟ್ಟಿಗೆ ಹೆಸರುಳ್ಳವರ ಕಥೆ. ರಾಜನು ಶಾಸನವನ್ನು ಬರೆಯಿಸಿದನು. ದಂಡನಾಯಕನು ದೇವಾಲಯವನ್ನು ಕಟ್ಟಿಸಿದನು. ಕವಿಯು ಕಾವ್ಯದ ಪೀಠಿಕೆಯಲ್ಲಿ ತನ್ನ ವಂಶವನ್ನೂ ಗುರುವನ್ನೂ ಸ್ಮರಿಸಿದನು. ಆದರೆ ಆ ರಾಜನ ಪಟ್ಟಣದ ಬೀದಿಯಲ್ಲಿ ತಲೆಯ ಮೇಲೆ ಹೊರೆಯನ್ನು ಹೊತ್ತು ನಡೆದುಹೋದವನು ಯಾರು, ಅಂಗಡಿಯ ಜಗಲಿಯಲ್ಲಿ ಕುಳಿತು ಎಲೆಯಡಕೆ ಮೆಲ್ಲುತ್ತಿದ್ದವನ ಮುಖಭಾವ ಹೇಗಿದ್ದಿತು, ಹೂ ಮಾರುವವಳು ಕೊಳ್ಳುವವರೊಡನೆ ಹೇಗೆ ಚೌಕಾಸಿ ಮಾಡಿದಳು ಎಂಬುದನ್ನು ಯಾರೂ ಬರೆದಿಡಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಛಾಯಾಚಿತ್ರವಿದ್ಯೆಯು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸಿತು. ಅದರಲ್ಲಿಯೂ ಸಣ್ಣದೊಂದು ಕ್ಯಾಮೆರಾವನ್ನು ಹಿಡಿದು ಮಹಾನಗರದ ಬೀದಿಗಳಲ್ಲಿ ಕಾಲ್ನಡೆಯಾಗಿ ಸಂಚರಿಸುತ್ತ, ಜನರನ್ನು ನಿಲ್ಲಿಸದೆ, ಸಿಂಗರಿಸದೆ, ಅವರಿದ್ದ ಹಾಗೆಯೇ ಚಿತ್ರಿಸುವ ಪದ್ಧತಿಯು ದಾರಿಹೋಕರಿಗೆ ಚರಿತ್ರೆಯಲ್ಲಿ ಒಂದು ಸ್ಥಾನವನ್ನು ದೊರಕಿಸಿಕೊಟ್ಟಿತು. ಈ ಪದ್ಧತಿಯು ಹುಟ್ಟಿದ ಬಗೆ ಯಾವುದು, ಕನ್ನಡನಾಡಿನಲ್ಲಿ ಅದು ಬೇರೂರಿದ ಬಗೆ ಯಾವುದು, ಅದರಿಂದ ಲಭಿಸಿದುದೇನು, ಅದು ತೀರಿಸದೆ ಉಳಿಸಿಕೊಂಡಿರುವ ಋಣವೇನು ಎಂಬಿವು ವಿಚಾರಾರ್ಹವಾದ ಪ್ರಶ್ನೆಗಳು.

ಈ ವಿಷಯವು ಬೆಂಗಳೂರಿನವರಿಗೆ ಮಾತ್ರ ಸಂಬಂಧಪಟ್ಟುದೆಂದು ವಾಚಕರು ಭಾವಿಸಬೇಕಾಗಿಲ್ಲ. ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳ ಸೀಮೆಗೂ ಬೆಂಗಳೂರಿನ ಪೇಟೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ೧೫೩೭ರಲ್ಲಿ ಬೆಂಗಳೂರಿನ ಕೋಟೆಪೇಟೆಗಳನ್ನು ಕಟ್ಟಿಸಿದವನೆಂದು ಪ್ರಸಿದ್ಧನಾದ ಕೆಂಪೇಗೌಡನ ಮನೆತನವು, ೧೬೩೮ರಲ್ಲಿ ಬಿಜಾಪುರದ ಸೈನ್ಯವು ಬೆಂಗಳೂರನ್ನು ಹಿಡಿದ ಬಳಿಕ, ಮಾಗಡಿಯನ್ನೇ ತನ್ನ ನೆಲೆಯನ್ನಾಗಿ ಮಾಡಿಕೊಂಡಿತು. ರಾಮನಗರದ ಗೂಡಿನ ಮಾರುಕಟ್ಟೆಗೂ ಚಿಕ್ಕಪೇಟೆಯ ರೇಷ್ಮೆ ಜವಳಿಯ ಅಂಗಡಿಗಳಿಗೂ ನೂಲಿನ ಸಂಬಂಧವುಂಟು. ಚನ್ನಪಟ್ಟಣದ ಅರಗಿನ ಗೊಂಬೆಗಳು ಬೆಂಗಳೂರಿನ ಅಂಗಡಿಗಳಲ್ಲಿ ಕಂಗೊಳಿಸಿದವು. ಹಿಂದೆ ಕಾನಕಾನಹಳ್ಳಿಯೆಂದು ಕರೆಯಲ್ಪಡುತ್ತಿದ್ದ ಕನಕಪುರದಿಂದಲೂ, ಅದರ ದಕ್ಷಿಣಕ್ಕೆ ಕಾಡಿನ ಸೆರಗಿನಲ್ಲಿರುವ ಕೋಡಿಹಳ್ಳಿಯ ಹೋಬಳಿಯಿಂದಲೂ ಜನರು ವ್ಯಾಪಾರಕ್ಕೆಂದು, ವಿದ್ಯೆಗೆಂದು, ಆಸ್ಪತ್ರೆಗೆಂದು, ಕೂಲಿಗೆಂದು ಆ ನಗರಕ್ಕೆ ಹೋಗುತ್ತಲೇ ಬಂದಿರುವರು. ಮಾಗಡಿ ರಸ್ತೆ, ಕನಕಪುರ ರಸ್ತೆ ಎಂದು ನಗರದ ಹೆದ್ದಾರಿಗಳು ಈ ಊರುಗಳ ಹೆಸರನ್ನೇ ಹೊತ್ತುಕೊಂಡಿವೆ. ಊರುಗಳ ಹೆಸರು ರಸ್ತೆಗೆ ಉಳಿಯಿತು. ಆ ರಸ್ತೆಯಲ್ಲಿ ನಡೆದವರ ಹೆಸರು ಉಳಿಯಲಿಲ್ಲ. ಬೆಂಗಳೂರಿನ ಬೀದಿಯ ಹಳೆಯ ಚಿತ್ರಗಳಲ್ಲಿ ಕಾಣುವ ಅನಾಮಧೇಯರಲ್ಲಿ ಈ ಸೀಮೆಯವರು ಇಲ್ಲದೆ ಇರುವುದು ಅಸಂಭವ.

ಸಾಮಾನ್ಯನೊಬ್ಬನ ರೂಪವನ್ನು ಉಳಿಸಬೇಕೆಂಬ ಆಸೆಯು ಕನ್ನಡಿಗರಿಗೆ ಹೊಸದಲ್ಲವೆಂಬುದನ್ನು ಇಲ್ಲಿ ನೆನೆಯತಕ್ಕುದು. ತುರುಗಳನ್ನು ಬಿಡಿಸುವಾಗಲೋ, ಊರನ್ನು ಕಾಯುವಾಗಲೋ ಮಡಿದವನಿಗೆ ಈ ನಾಡಿನವರು ವೀರಗಲ್ಲನ್ನು ನೆಟ್ಟರು. ಅವನು ಅರಸನಾಗಿರಬೇಕೆಂಬ ನಿಯಮವಿರಲಿಲ್ಲ. ಬೆಂಗಳೂರೆಂಬ ಹೆಸರು ಮೊತ್ತಮೊದಲು ದೊರೆಯುವುದು ಕೂಡ ಇಂತಹ ಸ್ಮಾರಕವೊಂದರಲ್ಲಿಯೇ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ದೊರೆತ, ಕ್ರಿ. ಶ. ಸುಮಾರು ೮೯೦ರದೆಂದು ವಿದ್ವಾಂಸರು ನಿರ್ಣಯಿಸಿರುವ ಶಾಸನವು, ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮನೆಗೆ ಸೇರಿದವನೊಬ್ಬನು ಸತ್ತನೆಂದು ಹೇಳುತ್ತದೆ. ಮಹಾನಗರವೊಂದರ ಹೆಸರು ಕನ್ನಡದ ಲಿಖಿತಚರಿತ್ರೆಗೆ ಬಂದುದು ದೊಡ್ಡ ದೊರೆಯ ದಿಗ್ವಿಜಯದ ಮೂಲಕವಲ್ಲ, ಒಬ್ಬ ಯೋಧನ ಸಾವಿನ ಮೂಲಕ. ಶಿಲ್ಪವನ್ನೂ ಲಿಪಿಯನ್ನೂ ಉಳ್ಳ ವೀರಗಲ್ಲಿನಲ್ಲಿ ರೂಪವೂ ಹೆಸರೂ ಜೊತೆಗೂಡಿ ನಿಂತವು. ಛಾಯಾಚಿತ್ರದ ಕಾಲದಲ್ಲಿ ಈ ಎರಡೂ ಅಗಲಿದವು. ಈ ಅಗಲಿಕೆಯೇ ಮುಂದಿನ ಕಥೆ.

ಪಾಶ್ಚಾತ್ಯ ದೇಶಗಳಲ್ಲಿ ಛಾಯಾಚಿತ್ರವು ಹುಟ್ಟಿದಾಗ ಬೀದಿಯ ಜನರು ಅದರ ಕಣ್ಣಿಗೆ ಕಾಣಿಸಲೇ ಇಲ್ಲ. ೧೮೩೮ರಲ್ಲಿ ಪ್ಯಾರಿಸ್ ನಗರದ ದಗೇರ್ ಎಂಬವನು ತನ್ನ ಕಿಟಕಿಯಿಂದ ಬುಲೆವಾರ್ ದ್ಯು ತಾಂಪ್ಲ್ ಎಂಬ ಜನನಿಬಿಡವಾದ ಬೀದಿಯ ಚಿತ್ರವನ್ನು ತೆಗೆದನು. ಬೆಳ್ಳಿಯ ಲೇಪವುಳ್ಳ ತಗಡಿನ ಮೇಲೆ ರೂಪು ಮೂಡಲು ಆಗ ಕೆಲವು ನಿಮಿಷಗಳು ಬೇಕಾಗುತ್ತಿದ್ದವು. ಅಷ್ಟು ಹೊತ್ತಿನಲ್ಲಿ ಗಾಡಿಗಳೂ ಕುದುರೆಗಳೂ ಕಾಲಾಳುಗಳೂ ಹಾದುಹೋದುದರಿಂದ ಒಬ್ಬರ ಗುರುತೂ ತಗಡಿನ ಮೇಲೆ ಉಳಿಯಲಿಲ್ಲ. ಬೂಡ್ಸಿಗೆ ಬಣ್ಣ ಹಾಕಿಸಿಕೊಳ್ಳಲೆಂದು ಒಂದು ಮೂಲೆಯಲ್ಲಿ ಕಾಲನ್ನಿಟ್ಟು ನಿಂತಿದ್ದವನೊಬ್ಬನ ಆಕಾರವು ಮಾತ್ರ ಸ್ಪಷ್ಟವಾಗಿ ಮೂಡಿತು. ಅವನ ಕಾಲ ಬಳಿ ದುಡಿಯುತ್ತಿದ್ದವನ ಆಕಾರವು ಮಸುಕಾಗಿ ಕಾಣುತ್ತದೆ. ಮನುಷ್ಯನು ಛಾಯಾಚಿತ್ರದಲ್ಲಿ ಸೆರೆಯಾದ ಪ್ರಥಮ ಸಂದರ್ಭಗಳಲ್ಲಿ ಇದೊಂದೆಂದು ಎಣಿಸಲ್ಪಟ್ಟಿದೆ. ತನ್ನ ಚಿತ್ರವು ತೆಗೆಯಲ್ಪಟ್ಟಿತೆಂಬುದನ್ನು ಅವನು ಅರಿಯನು. ಅವನ ಹೆಸರನ್ನು ಲೋಕವರಿಯದು. ಬೀದಿಯ ಛಾಯಾಚಿತ್ರದ ಗುಣವೂ ದೋಷವೂ ಈ ಮೊದಲ ತಗಡಿನಲ್ಲಿಯೇ ಅಡಗಿದ್ದವು.

ಮೈಸೂರು ಸೀಮೆಗೆ ಈ ವಿದ್ಯೆಯು ಬಂದಾಗಲೂ ಅದು ಮೊದಲು ಹುಡುಕಿದುದು ಚಲಿಸದ ವಸ್ತುಗಳನ್ನು. ಬೆಂಗಳೂರಿನಲ್ಲಿ ಸೈನ್ಯಾಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ ಎಂಬಾತನು ೧೮೫೪ರ ಕೊನೆಯಲ್ಲಿ ಹಳೇಬೀಡು, ಬೇಲೂರು ಮೊದಲಾದ ಸ್ಥಳಗಳ ದೇವಾಲಯಗಳನ್ನು ಚಿತ್ರಿಸಿ, ೧೮೫೫ರ ಮದರಾಸಿನ ಪ್ರದರ್ಶನದಲ್ಲಿ ಆ ಚಿತ್ರಗಳನ್ನು ಇರಿಸಿದನು. ಕಲ್ಲಿನ ಮದನಿಕೆಯು ಎಷ್ಟು ಹೊತ್ತಾದರೂ ಅಲುಗದೆ ನಿಲ್ಲುವಳು. ಗುಡಿಯ ಮುಂದೆ ಮೇಯುವ ಹಸುವೂ ಆಡುವ ಮಗುವೂ ನಿಲ್ಲುವುದಿಲ್ಲ. ಆದುದರಿಂದ ಆ ಕಾಲದ ಚಿತ್ರಗಳಲ್ಲಿ ಊರುಗಳು ಹಾಳುಬಿದ್ದಂತೆ ನಿರ್ಜನವಾಗಿ ತೋರುತ್ತವೆ. ಅದು ಊರಿನ ಸ್ಥಿತಿಯಲ್ಲ, ಯಂತ್ರದ ಅಶಕ್ತಿ ಎಂಬುದನ್ನು ಮರೆತರೆ ಚರಿತ್ರೆಯನ್ನು ತಪ್ಪಾಗಿ ಓದಿದಂತಾಗುವುದು.

ಮುಂದೆ ಜನರನ್ನು ಚಿತ್ರಿಸುವ ಕಾಲವು ಬಂದಿತು. ಆದರೆ ಅವರನ್ನು ಚಿತ್ರಿಸಿದ ಉದ್ದೇಶವೇ ಬೇರೆ. ೧೮೬೮ರಿಂದ ೧೮೭೫ರವರೆಗೆ ಎಂಟು ಸಂಪುಟಗಳಲ್ಲಿ ಇಂಗ್ಲಿಷ್ ಸರ್ಕಾರವು ಪ್ರಕಟಪಡಿಸಿದ ‘ಭಾರತದ ಜನರು’ ಎಂಬರ್ಥದ ಗ್ರಂಥದಲ್ಲಿ ನೂರಾರು ಮಂದಿಯ ಚಿತ್ರಗಳುಂಟು. ಅಲ್ಲಿ ಬಹುಮಂದಿ ಮನುಷ್ಯರು ಮನುಷ್ಯರಾಗಿ ನಿಂತಿಲ್ಲ. ಇಂತಹ ಜಾತಿ, ಇಂತಹ ಕುಲ ಎಂಬ ಚೀಟಿಯಂಟಿಸಿದ ಮಾದರಿಗಳಾಗಿ ನಿಂತಿರುವರು. ಮುಖವುಂಟು, ಜಾತಿಯ ಹೆಸರುಂಟು, ವ್ಯಕ್ತಿಯ ಹೆಸರಿಲ್ಲ. ಆಳುವವನು ಆಳಲ್ಪಡುವವನನ್ನು ಎಣಿಸಲೆಂದು ತೆಗೆಸಿದ ಚಿತ್ರಗಳವು.

ಇದಕ್ಕೆ ಪ್ರತಿಯಾಗಿ ಜನರೇ ತಾವಾಗಿ ಹಣ ತೆತ್ತು ಚಿತ್ರ ತೆಗೆಸಿಕೊಳ್ಳುವ ಸ್ಟುಡಿಯೋಗಳು ನಗರಗಳಲ್ಲಿ ಹುಟ್ಟಿದವು. ಬೆಂಗಳೂರಿನಲ್ಲಿ ೧೯೧೦ರಲ್ಲಿ ಸ್ಥಾಪಿತವಾದ ಜಿ. ಕೆ. ವೇಲ್ ಸಂಸ್ಥೆಯ ಹೆಸರನ್ನು ಅರಿಯದ ಹಳೆಯ ಮನೆತನಗಳು ವಿರಳ. ಮದುವೆಯಾದ ಹೊಸತರಲ್ಲಿ ದಂಪತಿಗಳು, ಪದವಿ ಪಡೆದ ದಿನ ಮಗನು, ಷಷ್ಟ್ಯಬ್ದಿಯಾದ ಬಳಿಕ ಹಿರಿಯರು ಕಂಬಗಳನ್ನೂ ಹೂದೋಟವನ್ನೂ ಬರೆದ ಪರದೆಯ ಮುಂದೆ ಬಿಗುವಾಗಿ ಕುಳಿತು ಪಟ ತೆಗೆಸಿಕೊಂಡರು. ಪಟ ತೆಗೆಸಿದರೆ ಆಯುಸ್ಸು ಕುಗ್ಗುವುದೆಂದು ಹೆದರಿ ಒಪ್ಪದಿದ್ದ ಅಜ್ಜಿಯರೂ ಇದ್ದರು. ಇಂದು ಹಜಾರಗಳ ಗೋಡೆಯ ಮೇಲಿರುವ ಪಟಗಳಲ್ಲಿ ಅನೇಕವು ಇಂತಹವೇ. ಇವುಗಳಲ್ಲಿ ಗೌರವವುಂಟು, ಒಪ್ಪಿಗೆಯುಂಟು. ಆದರೆ ಜೀವನದ ಚಲನೆಯು ಇಲ್ಲ. ನಗುವುದೂ ಅಂದಿನ ಮರ್ಯಾದೆಗೆ ಒಪ್ಪುತ್ತಿರಲಿಲ್ಲ. ಹೊಲದಲ್ಲಿ ದುಡಿದು ಕಪ್ಪಾದ ಕೈಗಳು ಎರವಲು ತಂದ ಕೋಟಿನ ತೋಳಿನಲ್ಲಿ ಮರೆಯಾದವು.

ಹೀಗಿರಲು, ಯಂತ್ರದ ಸುಧಾರಣೆಯು ಇನ್ನೊಂದು ಮಾರ್ಗವನ್ನು ತೆರೆಯಿತು. ೧೮೭೧ರಲ್ಲಿ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಸೂಚಿಸಿದ ಒಣಫಲಕದ ವಿಧಾನವು ಬೆಳೆದು, ನಿಮಿಷಗಳ ಕೆಲಸವನ್ನು ಕ್ಷಣಾಂಶದಲ್ಲಿ ಮುಗಿಸುವಂತಾಯಿತು. ೧೮೮೮ರಲ್ಲಿ ಅಮೆರಿಕೆಯ ಈಸ್ಟ್‌ಮನ್ ಎಂಬಾತನು ನೂರು ಚಿತ್ರಗಳಿಗೆ ಸಾಲುವ ಸುರುಳಿಯನ್ನು ಒಳಗಿರಿಸಿದ ಕೊಡಾಕ್ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದನು. ಮುಕ್ಕಾಲಿಯ ಮೇಲೆ ನಿಲ್ಲುತ್ತಿದ್ದ ಕ್ಯಾಮೆರಾವು ಕೈಗೆ ಬಂದಿತು. ಕೈಗೆ ಬಂದ ಕ್ಯಾಮೆರಾವು ಬೀದಿಗೆ ಇಳಿಯಿತು. ಲಂಡನ್ನಿನಲ್ಲಿ ಮರದಚ್ಚಿನ ಕೆತ್ತನೆಯನ್ನು ಕಸುಬಾಗಿ ಉಳ್ಳ ಪಾಲ್ ಮಾರ್ಟಿನ್ ಎಂಬಾತನು ೧೮೯೦ರ ದಶಕದಲ್ಲಿ ಸಾಮಾನಿನ ಕಟ್ಟಿನಂತೆ ಕಾಣುವ ಕ್ಯಾಮೆರಾವನ್ನು ಕಂಕುಳಲ್ಲಿ ಇಟ್ಟುಕೊಂಡು, ಮಾರುಕಟ್ಟೆಗಳಲ್ಲಿಯೂ ಸಮುದ್ರತೀರದಲ್ಲಿಯೂ ಜನರು ಅರಿಯದಂತೆ ಅವರ ಚಿತ್ರಗಳನ್ನು ತೆಗೆದನು. ಅದೇ ನಗರದಲ್ಲಿ ಅವನಿಗಿಂತ ಮುಂಚೆ, ೧೮೭೭ರಲ್ಲಿ, ಜಾನ್ ಥಾಮ್ಸನ್ ಎಂಬವನು ಬೀದಿಯ ಬಡವರನ್ನು ನಿಲ್ಲಿಸಿ ಚಿತ್ರಿಸಿದಾಗ, ಅಡಾಲ್ಫ್ ಸ್ಮಿತ್ ಎಂಬ ಪತ್ರಿಕಾಲೇಖಕನು ಜೊತೆಗಿದ್ದು ಅವರ ಜೀವನವೃತ್ತಾಂತಗಳನ್ನು ಬರೆದು ಚಿತ್ರದೊಡನೆ ಪ್ರಕಟಿಸಿದ್ದನು. ಥಾಮ್ಸನ್ನನ ಚಿತ್ರದಲ್ಲಿ ಸಹಜತೆ ಕಡಿಮೆ, ವೃತ್ತಾಂತ ಹೆಚ್ಚು. ಮಾರ್ಟಿನ್ನನ ಚಿತ್ರದಲ್ಲಿ ಸಹಜತೆ ಹೆಚ್ಚು, ವೃತ್ತಾಂತವಿಲ್ಲ. ಈ ಎರಡರ ನಡುವಣ ತೂಗಾಟವು ಅಲ್ಲಿಂದೀಚೆಗೆ ನಿಂತಿಲ್ಲ.

೧೯೨೫ರಲ್ಲಿ ಜರ್ಮನಿಯ ಲೈಕಾ ಕ್ಯಾಮೆರಾವು ಮಾರುಕಟ್ಟೆಗೆ ಬಂದುದು ಈ ಚರಿತ್ರೆಯ ಮುಖ್ಯ ಘಟ್ಟ. ಸಿನಿಮಾ ಫಿಲ್ಮಿನ ತುಂಡನ್ನೇ ಬಳಸಿ ಮೂವತ್ತಾರು ಚಿತ್ರಗಳನ್ನು ತೆಗೆಯುವ ಆ ಯಂತ್ರವು ಅಂಗಿಯ ಮೇಲಣ ಕೋಟಿನ ಜೇಬಿನಲ್ಲಿ ಅಡಗುವಷ್ಟು ಸಣ್ಣದು. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸೋನನು ಅದರ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿಯನ್ನು ಅಂಟಿಸಿ, ಯಾರ ಲಕ್ಷ್ಯಕ್ಕೂ ಬೀಳದಂತೆ ಲೋಕವನ್ನು ಸುತ್ತಿದನು. ೧೯೪೮ರ ಜನವರಿ ೩೦ರಂದು ಮಹಾತ್ಮರು ಹತರಾಗುವ ಕೆಲವೇ ಗಂಟೆಗಳ ಮುಂಚೆ ದೆಹಲಿಯಲ್ಲಿ ಅವರನ್ನು ಕಂಡವರಲ್ಲಿ ಆತನೂ ಒಬ್ಬನು. ೧೯೫೨ರಲ್ಲಿ ಪ್ರಕಟವಾದ ಆತನ ಗ್ರಂಥದ ಫ್ರೆಂಚ್ ಹೆಸರಿನಲ್ಲಿರುವ ಮಾತು, ಪರವಾನಗಿಯಿಲ್ಲದೆ ಬೀದಿಯಲ್ಲಿ ಸರಕನ್ನು ಹರಡಿ ಪೋಲೀಸಿನವರು ಕಂಡೊಡನೆ ಗಂಟು ಕಟ್ಟಿ ಓಡುವ ವ್ಯಾಪಾರಿಗಳ ರೀತಿಗೆ ಸಲ್ಲುವಂತಹುದು. ಬೀದಿಯಲ್ಲಿ ಚಿತ್ರ ತೆಗೆಯುವವನೂ ಒಂದು ವಿಧದಲ್ಲಿ ಪರವಾನಗಿಯಿಲ್ಲದ ವ್ಯಾಪಾರಿಯೇ ಎಂಬ ಅರಿವು ಆ ಹೆಸರಿನಲ್ಲಿ ಕಾಣುವುದು.

ಕನ್ನಡನಾಡಿನಲ್ಲಿ ಈ ಮಾರ್ಗವನ್ನು ಜೀವನವೃತ್ತಿಯನ್ನಾಗಿ ಹಿಡಿದು ಕೀರ್ತಿವಂತರಾದವರಲ್ಲಿ ಟಿ. ಎಸ್. ಸತ್ಯನ್ ಅವರ ಹೆಸರು ಅಗ್ರಗಣ್ಯವಾದುದು. ೧೯೨೩ರ ಡಿಸೆಂಬರ್ ೧೮ರಂದು ಮೈಸೂರಿನಲ್ಲಿ ಜನಿಸಿ, ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಓದಿದ ಅವರು, ೧೯೪೮ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯು ಆರಂಭವಾದಾಗ ಅದರ ಛಾಯಾಗ್ರಾಹಕರಾಗಿ ಸೇರಿದರು. ಮುಂದೆ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ಕೆಲಸ ಮಾಡಿ, ಬಳಿಕ ಸ್ವತಂತ್ರರಾಗಿ ದೇಶವನ್ನೆಲ್ಲ ಸುತ್ತಿದರು. ವಿಶ್ವಸಂಸ್ಥೆಯ ಮಕ್ಕಳ ನಿಧಿಗೂ ವಿಶ್ವ ಆರೋಗ್ಯ ಸಂಸ್ಥೆಗೂ ಅವರು ತೆಗೆದ ಚಿತ್ರಗಳು ಪ್ರಸಿದ್ಧವಾಗಿವೆ. ೧೯೭೭ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಬಂದಿತು. ೧೯೭೯ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳ ಪ್ರದರ್ಶನವು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ನಡೆಯಿತು. ೨೦೦೫ರಲ್ಲಿ ‘ಅಲೈವ್ ಅಂಡ್ ಕ್ಲಿಕ್ಕಿಂಗ್’ ಎಂಬ ಆತ್ಮಕಥನವನ್ನು ಹೊರತಂದ ಅವರು, ೨೦೦೯ರ ಡಿಸೆಂಬರ್ ೧೩ರಂದು ಮೈಸೂರಿನಲ್ಲಿಯೇ ನಿಧನರಾದರು.

ಪ್ರಧಾನಿಗಳನ್ನೂ ಪ್ರಖ್ಯಾತ ಸಾಹಿತಿಗಳನ್ನೂ ಚಿತ್ರಿಸಿದ್ದರೂ, ಸತ್ಯನ್ನರ ಹೆಸರು ನಿಂತಿರುವುದು ಸಾಮಾನ್ಯ ಜನರ ಚಿತ್ರಗಳಿಂದ. ಶಾಲೆಯ ಹುಡುಗರು, ತಾಯಂದಿರು, ದುಡಿಯುವ ಗಂಡಸರು, ಆಟದಲ್ಲಿ ಮೈಮರೆತ ಮಕ್ಕಳು, ಇವರೇ ಅವರ ನಾಯಕರು. ಇವರಲ್ಲಿ ದೀನತೆಯನ್ನು ಎತ್ತಿ ತೋರಿಸಿ ಮರುಕವನ್ನು ಬೇಡುವ ಹವಣಿಕೆಯು ಕಾಣುವುದಿಲ್ಲ. ಬಡವನ ಮನೆಯಲ್ಲಿಯೂ ನಗು ಇರುವುದೆಂಬ ಸರಳ ಸತ್ಯವು ಆ ಚಿತ್ರಗಳಲ್ಲಿ ಹೊಳೆಯುತ್ತದೆ. ಅವರ ತಮ್ಮಂದಿರಾದ ಟಿ. ಎಸ್. ನಾಗರಾಜನ್ ಅವರೂ ಗಣ್ಯ ಛಾಯಾಗ್ರಾಹಕರು. ಅಳಿದುಹೋಗುತ್ತಿರುವ ಹಳೆಯ ಮನೆಗಳ ಒಳಾಂಗಣಗಳನ್ನು ಚಿತ್ರಿಸಿದುದು ಅವರ ವಿಶೇಷ ಕಾರ್ಯ. ಮನೆಯ ಒಳಗೆ ಹೋಗಬೇಕಾದರೆ ಬಾಗಿಲು ತಟ್ಟಬೇಕು, ಯಜಮಾನನ ಅಪ್ಪಣೆಯನ್ನು ಪಡೆಯಬೇಕು. ಬೀದಿಗಾದರೋ ಬಾಗಿಲಿಲ್ಲ. ಬಾಗಿಲಿಲ್ಲದ ಮಾತ್ರಕ್ಕೆ ಅಲ್ಲಿ ಅಪ್ಪಣೆಯೇ ಬೇಡವೆ ಎಂಬ ಪ್ರಶ್ನೆಯನ್ನು ಈ ಸೋದರರ ಕೆಲಸಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದವರು ಕೇಳದಿರಲಾರರು.

ಅದಕ್ಕೆ ಉತ್ತರವನ್ನು ಅರಸುವ ಮುನ್ನ, ಇಂತಹ ಚಿತ್ರವು ಹುಟ್ಟುವ ರೀತಿಯನ್ನು ತಿಳಿಯುವುದು ಲೇಸು. ಬೆಂಗಳೂರಿನ ಹಳೆಯ ಪೇಟೆಯು ಇದಕ್ಕೆ ಹೇಳಿ ಮಾಡಿಸಿದ ಸ್ಥಳ. ಉತ್ತರದಕ್ಷಿಣವಾಗಿ ಹರಿದ ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರಸ್ತೆ; ಅದನ್ನು ಪೂರ್ವಪಶ್ಚಿಮವಾಗಿ ಕತ್ತರಿಸುವ ಚಿಕ್ಕಪೇಟೆ; ಸುತ್ತಲೂ ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆಗಳು. ದಕ್ಷಿಣದ ಕೊನೆಯಲ್ಲಿ, ಸಿದ್ದಿಕಟ್ಟೆಯೆಂಬ ಕೆರೆಯಿದ್ದ ನೆಲದಲ್ಲಿ, ೧೯೨೮ರಲ್ಲಿ ಕಟ್ಟಲ್ಪಟ್ಟ ಕೃಷ್ಣರಾಜೇಂದ್ರ ಮಾರುಕಟ್ಟೆ. ನಸುಕಿನಲ್ಲಿಯೇ ಅಲ್ಲಿ ಸೇವಂತಿಗೆ, ಕನಕಾಂಬರಗಳ ರಾಶಿಯು ಬೀಳುವುದು. ಎಳೆಬಿಸಿಲು ಓರೆಯಾಗಿ ಇಕ್ಕಟ್ಟಾದ ಓಣಿಗಳನ್ನು ಹೊಗುವ ಆ ಹೊತ್ತು ಛಾಯಾಗ್ರಾಹಕನಿಗೆ ಅಮೃತಕಾಲ. ನಡೆಯುತ್ತ ಚಿತ್ರ ತೆಗೆಯುವವನು ಪ್ರತಿ ಸಲವೂ ಮಸೂರವನ್ನು ತಿರುಗಿಸಿ ಸ್ಫುಟತೆಯನ್ನು ಹೊಂದಿಸುತ್ತ ನಿಲ್ಲುವಂತಿಲ್ಲ. ಆದುದರಿಂದ ಮಸೂರದ ಕಂಡಿಯನ್ನು ಕಿರಿದುಮಾಡಿ, ದೂರವನ್ನು ಎಂಟು ಹತ್ತು ಅಡಿಗಳಿಗೆ ಮೊದಲೇ ಗೊತ್ತುಪಡಿಸಿಕೊಳ್ಳುವನು. ಕಂಡಿಯು ಕಿರಿದಾದಷ್ಟೂ ಮುಂದಿನದೂ ಹಿಂದಿನದೂ ಸ್ಫುಟವಾಗಿ ಬೀಳುವ ಅವಕಾಶವು ಹಿರಿದಾಗುವುದು. ಸೆಕೆಂಡಿನ ಇನ್ನೂರೈವತ್ತನೆಯ ಒಂದು ಪಾಲಿನಷ್ಟು ಹೊತ್ತು ಬೆಳಕನ್ನು ಒಳಬಿಟ್ಟರೆ ನಡೆಯುವವನ ಹೆಜ್ಜೆಯೂ ಗಾಳಿಯಲ್ಲಿ ನಿಂತಂತೆ ಮೂಡುವುದು. ಉಳಿದುದು ಯಂತ್ರದ ಕೆಲಸವಲ್ಲ. ಕಣ್ಣಿನ ಕೆಲಸ, ಕಾಲಿನ ಕೆಲಸ, ತಾಳ್ಮೆಯ ಕೆಲಸ. ಒಂದೇ ಮೂಲೆಯಲ್ಲಿ ಗಂಟೆಗಟ್ಟಲೆ ಕಾದು, ಬರಿಗೈಯಲ್ಲಿ ಹಿಂದಿರುಗುವ ದಿನಗಳೇ ಹೆಚ್ಚು.

ಹೀಗೆ ತೆಗೆದ ಚಿತ್ರದಿಂದ ಚರಿತ್ರಕಾರನಿಗೆ ದೊರೆಯುವ ಲಾಭವು ಅಪಾರ. ಚಿತ್ರದ ನಡುವೆ ಇರುವುದನ್ನು ಛಾಯಾಗ್ರಾಹಕನು ಆರಿಸಿಕೊಂಡನು. ಮೂಲೆಯಲ್ಲಿ ಬಿದ್ದುದನ್ನು ಕಾಲವೇ ಆರಿಸಿತು. ಅಂಗಡಿಯ ಹಲಗೆಯ ಮೇಲಣ ಅಕ್ಷರಗಳ ಮೋಡಿ, ತಲೆಗೆ ಸುತ್ತಿದ ಪೇಟದ ರೀತಿ, ಜಟಕಾಗಾಡಿಯ ಕುದುರೆಯ ಎಲುಬು, ಅಳತೆಯ ಸೇರು ಪಾವುಗಳು, ಮಕ್ಕಳ ಬರಿಗಾಲು, ಇವುಗಳಲ್ಲಿ ಯಾವುದನ್ನೂ ಸ್ಟುಡಿಯೋದ ಪರದೆಯು ಹೇಳಲಾರದು. ಸರ್ಕಾರದ ಗ್ಯಾಸೆಟಿಯರಿನಲ್ಲಿ ಧಾನ್ಯದ ಧಾರಣೆಯು ದೊರೆಯುವುದು. ಧಾನ್ಯವನ್ನು ಕೊಂಡವನ ಮುಖದ ಚಿಂತೆಯು ಚಿತ್ರದಲ್ಲಿ ದೊರೆಯುವುದು. ಇವೆರಡೂ ಸೇರಿದಲ್ಲದೆ ಒಂದು ಕಾಲದ ಅರಿವು ಪೂರ್ಣವಾಗದು.

ಆದರೆ ಲಾಭವು ಯಾರದು, ವೆಚ್ಚವು ಯಾರದು ಎಂಬುದನ್ನು ವಿಚಾರಿಸದೆ ಹೊಗಳುವುದು ನ್ಯಾಯವಲ್ಲ. ತನ್ನ ಮುಖವು ತನ್ನದು. ಅದನ್ನು ಕೇಳದೆ ಕೊಂಡೊಯ್ದು ಗೋಡೆಗೆ ತೂಗುಹಾಕುವ ಅಧಿಕಾರವನ್ನು ಇನ್ನೊಬ್ಬನಿಗೆ ಕೊಟ್ಟವರು ಯಾರು? ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಫಿಲಿಪ್-ಲೋರ್ಕಾ ಡಿಕೋರ್ಸಿಯಾ ಎಂಬ ಛಾಯಾಗ್ರಾಹಕನು ದೂರದಿಂದ ತೆಗೆದ ತನ್ನ ಚಿತ್ರವು ಪ್ರದರ್ಶಿತವಾಗಿ ಮಾರಾಟವಾಯಿತೆಂದು ಯೆಹೂದ್ಯ ಧರ್ಮನಿಷ್ಠನಾದ ವೃದ್ಧನೊಬ್ಬನು ನ್ಯಾಯಾಲಯಕ್ಕೆ ಹೋದನು. ಪ್ರತಿಮಾನಿಷೇಧವನ್ನು ಪಾಲಿಸುವ ತನ್ನ ಶ್ರದ್ಧೆಗೆ ಇದರಿಂದ ಘಾಸಿಯಾಯಿತೆಂಬುದು ಅವನ ದೂರು. ೨೦೦೬ರಲ್ಲಿ ನ್ಯಾಯಾಲಯವು, ಆ ಚಿತ್ರವು ಕಲೆಯೆಂದೂ ಕಲೆಗೆ ಸ್ವಾತಂತ್ರ್ಯವುಂಟೆಂದೂ ಹೇಳಿ, ದಾವೆಯನ್ನು ವಜಾಮಾಡಿತು. ಕಾನೂನಿನ ಪ್ರಶ್ನೆಯು ಅಲ್ಲಿ ಮುಗಿಯಿತು. ಧರ್ಮದ ಪ್ರಶ್ನೆಯು ಮುಗಿಯಲಿಲ್ಲ.

ಭಾರತದಲ್ಲಿ ಈ ವಿಚಾರಕ್ಕೆ ಮಹತ್ತಾದ ತಿರುವನ್ನು ಕೊಟ್ಟ ಮೊಕದ್ದಮೆಯು ಕನ್ನಡಿಗರೊಬ್ಬರ ಹೆಸರಿನಲ್ಲಿದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಅರ್ಜಿ ಸಲ್ಲಿಸಿದರು. ಆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು, ಖಾಸಗಿತನವು ಪ್ರಜೆಯ ಮೂಲಭೂತ ಹಕ್ಕೆಂದು ಏಕಕಂಠದಿಂದ ತೀರ್ಪನ್ನಿತ್ತಿತು. ಖಾಸಗಿತನವು ಸ್ಥಳಕ್ಕೆ ಅಂಟಿದುದಲ್ಲ, ವ್ಯಕ್ತಿಗೆ ಅಂಟಿದುದು. ಸಾರ್ವಜನಿಕ ಸ್ಥಳಕ್ಕೆ ಕಾಲಿಟ್ಟ ಮಾತ್ರಕ್ಕೆ ಅದು ಕಳೆದುಹೋಗದು ಎಂಬ ಅಭಿಪ್ರಾಯವು ಆ ತೀರ್ಪಿನಲ್ಲಿದೆ. ಏಕಾಂತದಲ್ಲಿರುವ ಸ್ತ್ರೀಯ ಚಿತ್ರವನ್ನು ಕದ್ದು ತೆಗೆಯುವುದು ೨೦೧೩ರಲ್ಲಿಯೇ ದಂಡಸಂಹಿತೆಯಲ್ಲಿ ಅಪರಾಧವೆಂದು ಸೇರಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ನ್ಯಾಯಸಂಹಿತೆಯಲ್ಲಿಯೂ ಅದು ಮುಂದುವರಿದಿದೆ. ಬೀದಿಯಲ್ಲಿ ಎಲ್ಲರ ಕಣ್ಣೆದುರಿಗೆ ನಡೆಯುವವರ ಸಂಗತಿಯು ಇಷ್ಟು ಸ್ಪಷ್ಟವಲ್ಲ. ೨೦೨೫ರಲ್ಲಿ ಬೆಂಗಳೂರಿನ ಮೆಟ್ರೋ ರೈಲಿನಲ್ಲಿಯೂ ಚರ್ಚ್ ಸ್ಟ್ರೀಟಿನಲ್ಲಿಯೂ ಹೆಣ್ಣುಮಕ್ಕಳನ್ನು ಅವರಿಗೆ ಅರಿವಿಲ್ಲದೆ ಚಿತ್ರಿಸಿ, ಕೀಳು ಕುತೂಹಲಕ್ಕೆ ಉಣಿಸಾಗಿ ಸಾಮಾಜಿಕ ಜಾಲದಲ್ಲಿ ಹರಡಿದ ಆರೋಪದ ಮೇಲೆ ಬಂಧನಗಳು ನಡೆದವು. ಹೊರಗಿನಿಂದ ನೋಡಿದರೆ ಅವರ ಕೈಯಲ್ಲಿದ್ದ ಯಂತ್ರವೂ ಅವರು ನಡೆದ ಬೀದಿಯೂ ಕಲಾವಿದನವುಗಳಿಗಿಂತ ಭಿನ್ನವಲ್ಲ. ಆದುದರಿಂದ ಭೇದವನ್ನು ಯಂತ್ರದಲ್ಲಿ ಹುಡುಕಿದರೆ ದೊರೆಯದು, ನಡತೆಯಲ್ಲಿ ಹುಡುಕಬೇಕು.

ಆ ನಡತೆಯ ಲಕ್ಷಣಗಳು ಗಹನವಾದುವಲ್ಲ. ಕಂಡವರು ತಲೆಯಲ್ಲಾಡಿಸಿ ಬೇಡವೆಂದರೆ ಕ್ಯಾಮೆರಾವನ್ನು ಇಳಿಸತಕ್ಕುದು. ಬಿದ್ದವನನ್ನು, ಅಳುವವನನ್ನು, ಸೆರಗು ಜಾರಿದವಳನ್ನು ಕಂಡಾಗ ಕಣ್ಣನ್ನು ತಿರುಗಿಸತಕ್ಕುದು. ತನ್ನ ಅಕ್ಕತಂಗಿಯರ ಚಿತ್ರವು ಇದೇ ರೀತಿಯಲ್ಲಿ ಪ್ರಕಟವಾದರೆ ತನಗೆ ಹೇಗೆನಿಸುವುದೆಂದು ಒಮ್ಮೆ ಯೋಚಿಸತಕ್ಕುದು. ತೆಗೆದ ಬಳಿಕ ಮುಗುಳ್ನಕ್ಕು ಎರಡು ಮಾತನಾಡಿ, ಊರು ಯಾವುದೆಂದು ವಿಚಾರಿಸಿ, ಸಾಧ್ಯವಾದರೆ ಒಂದು ಪ್ರತಿಯನ್ನು ಕಳುಹಿಸತಕ್ಕುದು. ಸಹಜತೆಯು ಕೆಡಬಾರದೆಂದು ಮೊದಲು ಕೇಳದಿದ್ದವನಿಗೆ ಆಮೇಲೆ ಕೇಳಲು ಅಡ್ಡಿಯಾವುದು? ಈ ಒಂದು ಮಾತಿನಿಂದ ಕಳವು ಕೊಡುಗೆಯಾಗುವುದು. ಹೆಸರಿಲ್ಲದ ಮುಖಕ್ಕೆ ಹೆಸರು ಬರುವುದು.

ಹೆಸರಿನ ಬೆಲೆಯನ್ನು ಕನ್ನಡ ಸಾಹಿತ್ಯವು ಚೆನ್ನಾಗಿ ಬಲ್ಲದು. ಡಿ. ವಿ. ಗುಂಡಪ್ಪನವರು ತಾವು ಕಂಡ ವ್ಯಕ್ತಿಗಳ ಸ್ಮರಣೆಯನ್ನು ಬರೆದು ಆ ಸಂಪುಟಗಳಿಗೆ ‘ಜ್ಞಾಪಕ ಚಿತ್ರಶಾಲೆ’ ಎಂದು ಹೆಸರಿಟ್ಟರು. ದಿವಾನರ ಜೊತೆಯಲ್ಲಿಯೇ ಲೋಕಪ್ರಸಿದ್ಧರಲ್ಲದ ವೈದಿಕರೂ ಗೃಹಸ್ಥರೂ ಅಲ್ಲಿ ಹೆಸರುಗೊಂಡು ಬದುಕಿರುವರು. ಅಲ್ಲಿ ಹೆಸರುಂಟು, ನಡೆನುಡಿಯುಂಟು; ಮುಖವನ್ನು ಓದುಗನೇ ಊ‍ಹಿಸಿಕೊಳ್ಳಬೇಕು. ಬೀದಿಯ ಚಿತ್ರದಲ್ಲಿ ಮುಖವುಂಟು. ಉಳಿದೆಲ್ಲವನ್ನೂ ನೋಡುಗನೇ ಊಹಿಸಿಕೊಳ್ಳಬೇಕು. ಹೆಸರನ್ನು ಕಳೆದುಕೊಂಡ ಚಿತ್ರಕ್ಕೆ ಏನಾಗುವುದೆಂಬುದಕ್ಕೆ ರಾಮನಗರವೇ ನಿದರ್ಶನ. ಅಲ್ಲಿಯ ಬಂಡೆಗಳ ನಡುವೆ ೧೯೭೩ರಿಂದ ಚಿತ್ರಿತವಾಗಿ ೧೯೭೫ರಲ್ಲಿ ತೆರೆಕಂಡ ‘ಶೋಲೆ’ ಚಲನಚಿತ್ರವನ್ನು ದೇಶದ ಮೂಲೆಮೂಲೆಯ ಜನರು ಕಂಡರು. ಆದರೆ ಅವರು ಕಂಡ ಊರಿನ ಹೆಸರು ರಾಮಗಢ. ಕಥೆಯ ಅಗತ್ಯಕ್ಕಾಗಿ ಒಂದು ಬೆಟ್ಟಸಾಲಿಗೆ ಬೇರೆ ಹೆಸರನ್ನಿಟ್ಟರೆ ಬೆಟ್ಟಕ್ಕೆ ನಷ್ಟವಿಲ್ಲ, ಅದು ಅಲ್ಲಿಯೇ ಇರುವುದು. ಮನುಷ್ಯನು ಇರುವುದಿಲ್ಲ. ಅವನ ಹೆಸರನ್ನು ಬಲ್ಲ ಕೊನೆಯ ವ್ಯಕ್ತಿಯು ಕಣ್ಮುಚ್ಚಿದ ದಿನ ಅವನ ಚಿತ್ರವು ಎರಡನೆಯ ಸಲ ಅನಾಥವಾಗುವುದು.

ದೊಡ್ಡ ಛಾಯಾಗ್ರಾಹಕರ ಚಿತ್ರಗಳಿಗೆ ಆಶ್ರಯವು ದೊರೆಯತೊಡಗಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ೨೦೨೩ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯದಲ್ಲಿ ಸತ್ಯನ್ನರ ಚಿತ್ರಗಳು ಪ್ರದರ್ಶಿತವಾದವು. ಇದು ಸಂತೋಷದ ಸಂಗತಿ. ಆದರೆ ಹಳ್ಳಿಯ ಮನೆಗಳ ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ, ಮದುವೆಯ ಆಲ್ಬಮ್ಮಿನ ಹಾಳೆಗಳ ನಡುವೆ ಇರುವ ಚಿತ್ರಗಳನ್ನು ಕಾಯುವ ಸಂಗ್ರಹಾಲಯವು ಆ ಮನೆಯವರಲ್ಲದೆ ಬೇರೆಯಿಲ್ಲ. ಬೆಂಗಳೂರಿಗೆ ಹೋದಾಗ ಮಾರುಕಟ್ಟೆಯ ಬಳಿ ಯಾರೋ ತೆಗೆದುದು, ಪತ್ರಿಕೆಯಲ್ಲಿ ಬಂದುದನ್ನು ಕತ್ತರಿಸಿಟ್ಟುದು, ಜಾತ್ರೆಯ ಗುಂಪಿನಲ್ಲಿ ಸಿಕ್ಕಿಬಿದ್ದುದು, ಹೀಗೆ ಬಗೆಬಗೆಯ ಚಿತ್ರಗಳು ಕೋಡಿಹಳ್ಳಿಯಂತಹ ಊರಿನಲ್ಲಿಯೂ ಇರುವುದು ಸಂಭವನೀಯ. ಅವುಗಳ ಹಿಂಬದಿಯು ಸಾಮಾನ್ಯವಾಗಿ ಬರಿದಾಗಿರುವುದು.

ಆ ಬರಿಯ ಹಿಂಬದಿಯನ್ನು ತುಂಬುವುದು ವಿದ್ವಾಂಸರ ಕೆಲಸವಲ್ಲ. ಮನೆಯ ಹಿರಿಯರು ಇನ್ನೂ ಗುರುತಿಸಬಲ್ಲವರಾಗಿರುವಾಗ, ಓದುಬಲ್ಲ ಮಕ್ಕಳು ಅವರ ಬಳಿ ಕುಳಿತು, ಇವರು ಯಾರು, ಯಾರ ಮಗ, ಯಾವ ಊರಿನವರು, ಇದು ಯಾವ ಬೀದಿ, ಅಂದು ಯಾತಕ್ಕಾಗಿ ಹೋಗಿದ್ದರು ಎಂದು ಕೇಳಿ, ಮೆದುವಾದ ಸೀಸದ ಕಡ್ಡಿಯಿಂದ ಒತ್ತದೆ ಬರೆದರೆ ಸಾಕು. ಶಾಯಿಯು ಕಾಲಕ್ರಮದಲ್ಲಿ ಕಾಗದದೊಳಕ್ಕೆ ಇಳಿದು ಚಿತ್ರವನ್ನು ಕೆಡಿಸಬಹುದಾದುದರಿಂದ ಸೀಸದ ಕಡ್ಡಿಯೇ ಲೇಸು. ಖಚಿತವಾಗಿ ತಿಳಿಯದ ವರ್ಷವನ್ನು ಸುಮಾರು ಎಂದು ಗುರುತಿಸಬೇಕು. ಊಹೆಯನ್ನು ನಿಶ್ಚಯದಂತೆ ಬರೆಯಬಾರದು. ಕೈಯಲ್ಲಿರುವ ಮೊಬೈಲ್ ಫೋನಿನಿಂದ ದಿನಕ್ಕೆ ಹತ್ತಾರು ಚಿತ್ರಗಳನ್ನು ತೆಗೆಯುವ ಯುವಕರು ತಮ್ಮ ಚಿತ್ರಗಳಿಗೂ ಇದೇ ನಿಯಮವನ್ನು ಅನ್ವಯಿಸಿಕೊಳ್ಳಬಹುದು. ಸಾವಿರ ಚಿತ್ರಗಳಲ್ಲಿ ಹೆಸರುಳ್ಳ ಹತ್ತು ಉಳಿದರೂ ಅದು ಊರಿಗೆ ಆಸ್ತಿ.

ಬೇಗೂರಿನ ಕಲ್ಲನ್ನು ಕೆತ್ತಿದವರಿಗೆ ತಮ್ಮ ಊರಿನ ಪಕ್ಕದಲ್ಲಿ ಮುಂದೊಮ್ಮೆ ಮಹಾನಗರವೊಂದು ಬೆಳೆಯುವುದೆಂಬ ಅರಿವು ಇದ್ದಿರಲಾರದು. ಸತ್ತವನ ಹೆಸರು ಅಳಿಯಬಾರದೆಂಬುದೊಂದೇ ಅವರ ಬಯಕೆ. ಆ ಬಯಕೆಯಿಂದ ಸತ್ತವನ ನೆನಪೂ ಉಳಿಯಿತು, ಊರಿನ ಹೆಸರೂ ಉಳಿಯಿತು. ಕಲ್ಲಿನ ಕೆಲಸವನ್ನು ಇಂದು ಕಾಗದವು ಮಾಡಬಲ್ಲುದು. ಆದರೆ ಕಾಗದದ ಆಯುಸ್ಸು ಕಲ್ಲಿನಷ್ಟಲ್ಲ, ಹೇಳಬಲ್ಲ ಹಿರಿಯರ ಆಯುಸ್ಸಾದರೋ ಕಾಗದದಷ್ಟೂ ಅಲ್ಲ. ಕೇಳಬೇಕಾದುದನ್ನು ಈ ವರ್ಷವೇ ಕೇಳಿ ಬರೆದಿಡುವುದು ವಿಹಿತ.